ಪೇಟಿ ಮಾಸ್ತರರು ಕಾಯುತ್ತಾರೆ

ನಾಟಕ ನೋಡಲು ಹೋಗುವುದು ಬೇರೆ, ನಮ್ಮೂರ ಹುಡುಗರ ನಾಟಕ ನೋಡಲು ಹೋಗುವುದು ಬೇರೆ. ಮೊದಲನೆಯದಕ್ಕೆ ಟಿಕೆಟ್ ತೆಗೆಸಿದರೆ ಮುಗಿಯಿತು. ಎರಡನೆಯದು ಶುರುವಾಗುವುದೇ ಹುಡುಗರು ಪಟ್ಟಿ ಎತ್ತಲು ಬಾಗಿಲಿಗೆ ಬಂದಾಗ. "ಕಾಕಾ, ಈ ಸಲ ಹಾಡಿನ ನಾಟಕ ಮಾಡ್ಲಿಕ್ಕತ್ತೇವ್ರಿ" ಎಂದರು. ಹಾಡುವವರು ಯಾರಪ್ಪಾ ಎಂದೆ. "ನಾವ ಹಾಡ್ತೇವ್ರಿ" ಎಂದು ಒಬ್ಬ ಹೇಳಿದ. ಉಳಿದವರು ನೆಲ ನೋಡಿದರು. ಪಟ್ಟಿ ಕೊಟ್ಟವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಮೀಸಲು. ಇದು ಗೌರವವೂ ಹೌದು, ಶಿಕ್ಷೆಯೂ ಹೌದು; ಅಲ್ಲಿ ಕೂತವನು ನಡುವೆ ಎದ್ದು ಹೋಗುವಂತಿಲ್ಲ.

ಆರಿಸಿಕೊಂಡಿದ್ದು ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'. ಧೈರ್ಯದ ಆಯ್ಕೆ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲು ರಂಗದಲ್ಲಿ ಆಡಿಸಿ ಹೆಸರು ಮಾಡಿದ ನಾಟಕ ಅದು. ಅಂದಿನಿಂದ ಅದನ್ನು ಆಡದ ತಂಡವಿಲ್ಲ, ಆಡಿದವರೆಲ್ಲ ಗೆದ್ದರು ಎನ್ನುವಂತೆಯೂ ಇಲ್ಲ. ಮಕ್ಕಳಾಗದ ಗೌಡತಿ, ಬಂದೂಕು ಹಿಡಿದು ಊರನ್ನೆಲ್ಲ ಹೆದರಿಸುವ, ಹೆಂಡತಿಯ ಹತ್ತಿರ ಮಾತ್ರ ಸುಳಿಯದ ಗೌಡ, ತಾನು ಉಳುವ ಹೊಲ ತನ್ನದೇ ಎನ್ನುವ ಬಸಣ್ಣ. ಜೋಕುಮಾರಸ್ವಾಮಿಯ ಹೆಸರಿನಲ್ಲಿ ಪೂಜೆಯಾದ ಪಡವಲಕಾಯಿಯ ಪಲ್ಯ ಗೌಡನ ಹೊಟ್ಟೆ ಸೇರಬೇಕಿತ್ತು, ಬಸಣ್ಣನ ಹೊಟ್ಟೆ ಸೇರುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ. ಉಳುವವನಿಗೆ ಹೊಲ ಕೊಡಿಸಿದ ಭೂಸುಧಾರಣೆ ಜಾರಿಗೆ ಬಂದದ್ದು 1974ರಲ್ಲಿ. ನಾಟಕ ಅದಕ್ಕೂ ಎರಡು ವರ್ಷ ಮುಂಚಿನದು. ಈಗಿನ ಹುಡುಗರಿಗೆ ಗೇಣಿ ಎಂದರೇನು ಎಂಬುದನ್ನೇ ತಾಲೀಮಿನಲ್ಲಿ ಬಿಡಿಸಿ ಹೇಳಬೇಕಾಯಿತಂತೆ.

ಜೋಕುಮಾರನನ್ನು ಮಾತ್ರ ಯಾರೂ ಪರಿಚಯಿಸಬೇಕಾಗಲಿಲ್ಲ. ನಮ್ಮ ಕಡೆ ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಅವನು ಬರುತ್ತಾನೆ. ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂಡ್ರಿಸಿ, ಬಾಯಿಗೆ ಬೆಣ್ಣೆ ಮೆತ್ತಿ, ಹೆಣ್ಣುಮಕ್ಕಳು ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರೆ. ಮೊರದಲ್ಲಿ ಜೋಳ ಹಾಕಿ ಕೈ ಮುಗಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ಗಣಪ ಮೇಲೆ ಹೋಗಿ ಊರು ಸುಭಿಕ್ಷ ಎಂದು ಹೇಳುತ್ತಾನಂತೆ. ಇಲ್ಲ, ಜನ ಹಸಿದಿದ್ದಾರೆ ಎಂದು ಸತ್ಯ ಹೇಳುವವನು ಜೋಕುಮಾರ. ಕಡುಬು ತಿಂದು ಹೋದವನು ಸುಭಿಕ್ಷ ಎನ್ನದೆ ಇನ್ನೇನು ಹೇಳಿಯಾನು? ಏಳು ದಿನ ಬಾಳಿ, ಪರರ ಹೆಣ್ಣಿನ ಮೇಲೆ ಕಣ್ಣು ಹಾಕಿ, ಏಟು ತಿಂದು ಸಾಯುವ ಈ ಪೋಲಿ ದೇವರಿಗೆ ನಮ್ಮ ಅಜ್ಜಿಯಂದಿರು ಮುಸಿಮುಸಿ ನಗುತ್ತಲೇ ಜೋಳ ಹಾಕುತ್ತಿದ್ದರು. ನಾಟಕದ ಶುರುವಿನಲ್ಲೇ, ಗಣಪತಿಯನ್ನು ಬಿಟ್ಟು ಇವನಿಗ್ಯಾಕೆ ಪೂಜೆ ಎಂದು ಮೇಳದವರು ಸೂತ್ರಧಾರನ ಜೊತೆ ತಕರಾರು ತೆಗೆಯುತ್ತಾರೆ. ನನ್ನ ಹಿಂದೆ ಕೂತಿದ್ದ ಮುದುಕಿಯೊಬ್ಬಳು ಆಗಲೇ "ಅವನೂ ದೇವರ ಅಲ್ಲೇನೋ" ಎಂದು ಜೋರಾಗಿ ತೀರ್ಪು ಕೊಟ್ಟಾಗಿತ್ತು.

ತಾಲೀಮು ನಡೆದದ್ದು ಕನ್ನಡ ಶಾಲೆಯ ಪಡಸಾಲೆಯಲ್ಲಿ, ಸಂಜೆ ಅಂಗಡಿಗಳು ಮುಚ್ಚಿದ ಮೇಲೆ. ಬಸಣ್ಣ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಮಾಡುವವನು. ಗೌಡ ಗೊಬ್ಬರದಂಗಡಿಯ ಹುಡುಗ. ಗೌಡತಿ ಬಿ.ಎಡ್. ಓದುತ್ತಿರುವವಳು. ಈ ಕೊನೆಯದು ನನಗೆ ದೊಡ್ಡ ಸುದ್ದಿ. ನಮ್ಮ ಕಡೆಯ ಜಾತ್ರೆ ನಾಟಕಗಳಲ್ಲಿ ಗಂಡಸರ ಪಾರ್ಟೆಲ್ಲ ಊರಿನವರದು, ನಾಯಕಿ ಮಾತ್ರ ಹೊರಗಿನಿಂದ ಬರುತ್ತಿದ್ದಳು. ಸಂಭಾವನೆ ಮಾತಾಡಿ ಕರೆಸಿದ ಆ ಕಲಾವಿದೆ ಸಂಜೆ ಬಸ್ಸಿಗೆ ಇಳಿದು, ಯಾರ ಜೊತೆಗೂ ತಾಲೀಮಿಲ್ಲದೆ, ಬಣ್ಣ ಹಚ್ಚಿಕೊಂಡು ಐದಾರು ಹಾಡು ಹಾಡಿ, ತಪ್ಪಿದ ನಾಯಕನಿಗೂ ಮಾತು ಎತ್ತಿಕೊಟ್ಟು, ಬೆಳಗಿನ ಮೊದಲ ಬಸ್ಸಿಗೆ ಹೋಗಿಬಿಡುತ್ತಿದ್ದಳು. ಆ ಹೆಣ್ಣುಮಕ್ಕಳು ಎಷ್ಟು ಊರುಗಳ ಮಾನ ಉಳಿಸಿದರೋ, ಅವರ ಹೆಸರು ಮಾತ್ರ ಆ ಊರುಗಳಲ್ಲಿ ಉಳಿದಿಲ್ಲ. ಈಗ ಊರಿನ ಹುಡುಗಿಯೇ ಗೌಡತಿ, ಅದೂ ಇಂಥ ನಾಟಕದಲ್ಲಿ. ಅವಳ ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು, ನಗು ತಡೆಯಲೋ ಭಯ ತಡೆಯಲೋ ತಿಳಿಯಲಿಲ್ಲ.

ಇನ್ನು ಪೇಟಿ ಮಾಸ್ತರರು. ನಮ್ಮಲ್ಲಿ ಹಾರ್ಮೋನಿಯಂ ಪೇಟಿಯೇ, ಅದನ್ನು ನುಡಿಸುವವರು ಮಾಸ್ತರರೇ, ಶಾಲೆಯ ಮೆಟ್ಟಿಲು ಹತ್ತದಿದ್ದರೂ. ಪರದೇಶದಿಂದ ಬಂದ ಈ ವಾದ್ಯ ಮೀಂಡ್ ಕೊಡಲಾರದು, ನಮ್ಮ ಶ್ರುತಿಗೆ ಒಗ್ಗದು ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮೂರು ದಶಕ ಬಾಗಿಲು ತೆರೆಯಲಿಲ್ಲ. ಅಷ್ಟೂ ಕಾಲ ಪೇಟಿಯನ್ನು ಸಾಕಿದ್ದು ನಾಟಕ ಕಂಪನಿಗಳು, ಭಜನಿ ಮೇಳಗಳು, ಸಣ್ಣಾಟ, ಪಾರಿಜಾತದವರು. ಪಂಡಿತರ ತಕರಾರು ಸುಳ್ಳಲ್ಲ. ಆದರೆ ಮೈಕಿಲ್ಲದ ಕಾಲದಲ್ಲಿ ಸಾವಿರ ಜನರ ಗದ್ದಲದ ನಡುವೆ ಹಾಡುವವನ ಕಿವಿಗೆ ಷಡ್ಜ ಮುಟ್ಟಿಸಬಲ್ಲ ವಾದ್ಯ ಬೇರೆ ಯಾವುದಿತ್ತು?

ಹಾಡಿನ ನಾಟಕದ ಓಡಾಟವೂ ಸೋಜಿಗದ್ದೇ. ಹೊನ್ನಾವರದ ಕರ್ಕಿಯ ಮೇಳದವರು ಸಾಂಗ್ಲಿಗೆ ಹೋಗಿ ಆಟ ತೋರಿಸಿದರು. ಅದರ ಬೆನ್ನಿಗೇ 1843ರಲ್ಲಿ ಅಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಆಡಿಸಿದರು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಹಾಡಿಸಿದರು. ಮರಾಠಿ ಕಂಪನಿಗಳು ಇತ್ತ ಬಂದು ನಮ್ಮವರನ್ನು ಮರುಳು ಮಾಡಿದಾಗ, ಗದುಗಿನಲ್ಲಿ ಶಾಂತಕವಿಗಳು ಹಟ ತೊಟ್ಟು ಕನ್ನಡ ಮಂಡಳಿ ಕಟ್ಟಿದರು. ಹೀಗೆ ಯಾರು ಯಾರಿಗೆ ಸಾಲಗಾರರೋ, ಲೆಕ್ಕದ ವಹಿ ಕಳೆದುಹೋಗಿದೆ.

ನಮ್ಮ ಹುಡುಗರು ಮೊದಲು ಪೇಟಿ ಬೇಡವೆಂದೇ ಇದ್ದರು. ಟ್ರ್ಯಾಕ್ ಮಾಡಿಸಿ ಪೆನ್‌ಡ್ರೈವಿನಲ್ಲಿ ತಂದರೆ ಖರ್ಚೂ ಕಡಿಮೆ, ಪೇಟಿ, ತಬಲಾ, ಧೋಲಕಿ, ತಾಳ ಎಂದು ಮೇಳ ಹೊಂದಿಸುವ ತಲೆಬಿಸಿಯೂ ಇಲ್ಲ. ಹಾಗೆ ಮಾಡಿದ ಇನ್ನೊಂದು ತಂಡದ ನಾಟಕವನ್ನು ನಾನು ನೋಡಿದ್ದೆ. ನಾಯಕಿ ಕಾಲಿಗೆ ಸೀರೆ ತೊಡರಿ ಅರೆಗಳಿಗೆ ನಿಂತಳು, ಟ್ರ್ಯಾಕು ನಿಲ್ಲಲಿಲ್ಲ. ಪಿಟೀಲು, ಕೊಳಲು, ಕೋರಸ್ಸು ಎಲ್ಲ ಸೇರಿ ಅವಳನ್ನು ಬಿಟ್ಟು ಮುಂದೆ ಹೋದವು, ತಡವಾಗಿ ಬಂದ ಪ್ರಯಾಣಿಕನನ್ನು ಬಿಟ್ಟು ಹೊರಟ ಬಸ್ಸಿನ ಹಾಗೆ. ಅವಳು ಉಳಿದ ಹಾಡಿನುದ್ದಕ್ಕೂ ಅದರ ಹಿಂದೆ ಓಡಿದಳು.

ಇಲ್ಲಿ ಆದದ್ದೇ ಬೇರೆ. ಬಸಣ್ಣನ ಶ್ರುತಿ ಕರಿ ಒಂದು, ಗೌಡತಿಯದು ಕರಿ ಐದು. ಇಬ್ಬರೂ ಕೂಡಿ ಹಾಡುವಲ್ಲಿ ಮಾಸ್ತರರು ನಡುವೆ ಎಲ್ಲೋ ರಾಜಿ ಮಾಡಿಸಿದ್ದರು. ರಾಜಿಯಾದ ಶ್ರುತಿಯಲ್ಲಿ ಇಬ್ಬರಿಗೂ ಸುಖವಿಲ್ಲ. ಅವನು ಕತ್ತು ಚಾಚುತ್ತಿದ್ದ, ಅವಳು ಗದ್ದ ತಗ್ಗಿಸುತ್ತಿದ್ದಳು. ಆದರೂ ಪಲ್ಲವಿ ಸರಾಗ ಸಾಗಿತು. ಎರಡನೆಯ ನುಡಿಗೆ ಬಂದಾಗ ಬಸಣ್ಣನಿಗೆ ಸಾಲು ಮರೆತುಹೋಯಿತು. ಬಾಯಿ ತೆರೆದೇ ಇತ್ತು, ಶಬ್ದವಿಲ್ಲ. ಮಾಸ್ತರರು ತಲೆಯನ್ನೂ ಎತ್ತಲಿಲ್ಲ. ಪಲ್ಲವಿಗೆ ತಿರುಗಿದರು. ಹಿಮ್ಮೇಳದ ಇಬ್ಬರು ಅದನ್ನೆತ್ತಿಕೊಂಡು ತಾರಕಕ್ಕೆ ಏರಿಸಿದರು, ಧೋಲಕಿಯವನು ಒಂದು ಲಗ್ಗಿ ಹಾಕಿದ, ಮತ್ತೆ ಪಲ್ಲವಿ. ಗೌಡತಿ ಕುಣಿಯುತ್ತ ಬಸಣ್ಣನ ಸುತ್ತ ಒಂದು ಸುತ್ತು ಹಾಕಿ ಕಿವಿಯಲ್ಲಿ ಏನೋ ಹೇಳಿದಳು. ಪ್ರೇಕ್ಷಕರು ಅದನ್ನು ಶೃಂಗಾರವೆಂದು ತಿಳಿದು ಸಿಳ್ಳೆ ಹೊಡೆದರು. ಬಸಣ್ಣ ಸಾಲು ಹಿಡಿದ. ಮಾಸ್ತರರು ಅಷ್ಟು ಹೊತ್ತು ತನ್ನನ್ನು ಕಾದಿದ್ದಾರೆ ಎಂಬುದು ಗೊತ್ತಾದ ಮೇಲೋ ಏನೋ, ಅವನ ದನಿ ಅಲ್ಲಿಂದ ಮುಂದೆ ಬೇರೆಯಾಗಿಯೇ ಬಂತು. ಇಡೀ ನಾಟಕದಲ್ಲಿ ಅವನು ಚೆನ್ನಾಗಿ ಹಾಡಿದ್ದು ಆ ನುಡಿಯೊಂದನ್ನೇ. ಆ ಒಂದಕ್ಕೆ ನನ್ನ ಪಟ್ಟಿ ಹಣ ಮುಟ್ಟಿತು.

ಕಾಯುವ ಗುಣ ಮೇಳಕ್ಕೆ ಮಾತ್ರವಲ್ಲ. ಬಸಣ್ಣ ಹೊಲ ತನ್ನದೆಂದು ಗೌಡನೆದುರು ಎದೆಯುಬ್ಬಿಸಿ ನಿಂತಾಗ ಹಿಂದಿನಿಂದ ಯಾರೋ, "ಲೇ, ನನ್ನ ಫೋನ್ ಯಾವಾಗ ಕೊಡ್ತಿ?" ಎಂದು ಕೂಗಿದರು. ಬಸಣ್ಣ ಒಂದು ಕ್ಷಣ ಮತ್ತೆ ರಿಪೇರಿ ಅಂಗಡಿಯವನಾದ. ಸೂತ್ರಧಾರ ಥಟ್ಟನೆ, "ತಡೀರಿ ಯಜಮಾನ್ರ, ಮೊದಲ ಹೊಲದ ಜಗಳ ಬಗೀಹರೀಲಿ" ಎಂದ. ಚಪ್ಪಾಳೆ ಬಿತ್ತು. ನಗರದ ರಂಗಮಂದಿರದಲ್ಲಾಗಿದ್ದರೆ ಕೂಗಿದವನನ್ನು ಹೊರಗೆ ಹಾಕುತ್ತಿದ್ದರು. ಇಲ್ಲಿ ನಾಟಕವೇ ಅವನಿಗೆ ಸ್ವಲ್ಪ ಸರಿದು ಜಾಗ ಕೊಟ್ಟಿತು.

ಕೊರತೆಗಳೂ ಇದ್ದವು. ಬೆಳಕಿನವನು ಗೌಡನನ್ನು ಬಿಟ್ಟು ಅವನ ನೆರಳನ್ನೇ ಹೆಚ್ಚು ತೋರಿಸಿದ. ಬಸಣ್ಣನನ್ನು ಕೊಲ್ಲುವ ಹೊತ್ತಿಗೆ ಸದ್ದು ತಡವಾಗಿ ಬಂದದ್ದರಿಂದ ಅವನು ಮೊದಲು ಬಿದ್ದು, ಆಮೇಲೆ ಗುಂಡು ತಗುಲಿಸಿಕೊಂಡ. ಯಾರೂ ನಗಲಿಲ್ಲ. ನನ್ನ ಹಿಂದಿನ ಮುದುಕಿ ಅಳುತ್ತಿದ್ದಳು.

ಮರುದಿನದಿಂದ ಊರಿನಲ್ಲಿ ಹೊಸ ನಾಮಕರಣಗಳು ನಡೆದವು. ರಿಪೇರಿ ಅಂಗಡಿಯವನು ಎಲ್ಲರಿಗೂ ಬಸಣ್ಣನಾದ. ಗೊಬ್ಬರದಂಗಡಿಯ ಹುಡುಗನನ್ನು ಕಂಡಕಂಡವರು "ಏನ್ರೀ ಗೌಡ್ರ" ಎನ್ನತೊಡಗಿದರು. ಅವನಿಗೇನೋ ಖುಷಿಯೇ. ಕಷ್ಟವಾದದ್ದು ಅವನ ತಾಯಿಗೆ. ಮನೆಯಲ್ಲಿ ಕನ್ಯಾ ನೋಡುತ್ತಿದ್ದಾರೆ, ಬೀಗರಾಗುವವರು ಊರಿನಲ್ಲಿ ವಿಚಾರಿಸದೆ ಇರುತ್ತಾರೆಯೇ? ವಿಚಾರಿಸಿದರೆ ಜನ "ಯಾರು, ಜೋಕುಮಾರಸ್ವಾಮಿಯ ಗೌಡನೇ?" ಎಂದು ನಕ್ಕರೆ ಗತಿಯೇನು? ಆಕೆ ನೇರವಾಗಿ ನಿರ್ದೇಶಕನ ಮನೆಗೇ ಹೋಗಿ ಕೂತಳಂತೆ. "ಮುಂದಿನ ಸಲ ನನ್ನ ಮಗ್ಗ ಬಸಣ್ಣನ ಪಾರ್ಟ್ ಕೊಡ್ರಿ, ತಮ್ಮಾ. ಕಡೀಕ ಸತ್ತರೂ ಅಡ್ಡಿಯಿಲ್ಲ."