ಚುಕ್ಕೆಯ ಆಚೆಗಿನ ಹೆಸರು

ಕುಂದಾಪುರ ಕಡೆಯ ಆ ಕುಟುಂಬಕ್ಕೆ ಗುಜರಾತಿನಲ್ಲಿ ಮೂರು ಹೋಟೆಲುಗಳು. ಅಹಮದಾಬಾದಿನದು ಅಪ್ಪಯ್ಯ ಶುರುಮಾಡಿದ್ದು, ವಡೋದರದ್ದನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಾರೆ, ಸೂರತ್ತಿನದು ಮಗಳು ಹೊಸದಾಗಿ ತೆರೆದದ್ದು. ಮೂರಕ್ಕೂ ಸೇರಿ ಒಂದು ವೆಬ್‌ಸೈಟ್ ಮಾಡಿಸಲು ಮಗಳು ಹೊರಟಾಗ ಮನೆಯಲ್ಲಿ ತಕರಾರು ಎದ್ದಿತು. ಹೋಟೆಲಿನ ಹೆಸರೇನೋ ಸರಿ, ಅದರ ಮುಂದಿನ ಚುಕ್ಕೆಯ ಆಚೆಗೆ ಏನಿರಬೇಕು?

ಅವಳು ಅಪ್ಪಯ್ಯನಿಗೆ ಅಂಚೆ ಲಕೋಟೆಯನ್ನು ನೆನಪಿಸಿದಳು. ಮೇಲೆ ಹೆಸರು, ಆಮೇಲೆ ಬೀದಿ, ಊರು, ಕೊನೆಗೆ ರಾಜ್ಯ. ಕಾಗದ ವಿಂಗಡಿಸುವವರು ನೋಡುವುದು ಕೆಳಗಿನಿಂದ. ಕಂಪ್ಯೂಟರೂ ಹಾಗೆಯೇ ವಿಳಾಸವನ್ನು ಬಲತುದಿಯಿಂದ ಹಿಡಿದು ಹುಡುಕುತ್ತದೆ. ಆ ತುದಿಯ ಹೆಸರೇ ಟಾಪ್ ಲೆವೆಲ್ ಡೊಮೇನ್. ಅವುಗಳ ಪಟ್ಟಿ ಜಗತ್ತಿಗೆಲ್ಲ ಒಂದೇ. ಅದನ್ನು ನೋಡಿಕೊಳ್ಳುವುದು 1998ರಲ್ಲಿ ಹುಟ್ಟಿದ ಐಕ್ಯಾನ್ ಸಂಸ್ಥೆ.

ಡಾಟ್ ಕಾಮ್ ವ್ಯಾಪಾರಕ್ಕೆಂದು 1985ರಲ್ಲಿ ಬಂತು. ಎರಡಕ್ಷರದವು ದೇಶ, ಪ್ರದೇಶಗಳಿಗೆ ಸೇರಿದವು. ಈಗ ಎಲ್ಲರ ಬಾಯಲ್ಲಿರುವ ಡಾಟ್ ಎಐ ಕೂಡ ನಿಜದಲ್ಲಿ ಅಂಗ್ವಿಲಾ ಎಂಬ ಪುಟ್ಟ ದ್ವೀಪದ್ದು. ನಮ್ಮ ಡಾಟ್ ಇನ್ 1989ರದು. 2005ರಿಂದ ಅದರ ನೇರ ಕೆಳಗೆ ಹೆಸರು ಪಡೆಯುವ ದಾರಿ ಎಲ್ಲರಿಗೂ ತೆರೆಯಿತು. ಉಸ್ತುವಾರಿ ನಿಕ್ಸಿ ಸಂಸ್ಥೆಯದು. ಹೆಸರು ಸಿಕ್ಕಿದ ಮೇಲೆ ಅದರ ಎಡಕ್ಕೆ ಅಹಮದಾಬಾದ್, ವಡೋದರ, ಸೂರತ್ ಎಂದು ಮೂರು ಕವಲು ಮಾಡಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ.

ಅಪ್ಪಯ್ಯ ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮ ಅಕ್ಷರದಲ್ಲಿ ಸಿಗುವುದಿಲ್ಲವಾ ಮಗಾ?" ಎಂದರು.

ಸಿಗುತ್ತದೆ. ಡಾಟ್ ಭಾರತ ಎಂಬ ತುದಿ ಕನ್ನಡ ಲಿಪಿಯಲ್ಲೂ ಇದೆ, ಗುಜರಾತಿಯಲ್ಲೂ ಇದೆ. ಆದರೆ ಕನ್ನಡದ್ದನ್ನು ಕೊಂಡರೆ ಗುಜರಾತಿಯದು ಬರುವುದಿಲ್ಲ, ಎರಡೂ ಬೇರೆ ಬೇರೆ. ಸೂರತ್ತಿನ ಗಿರಾಕಿಗಳಿಗೆ ಕನ್ನಡ ಓದಲು ಬಾರದು. ಮಗಳಿಗೂ ಕನ್ನಡ ಮಾತು ಸಲೀಸು, ಓದುವುದು ಕಷ್ಟ. ಶಾಲೆಯಲ್ಲಿ ಕಲಿತದ್ದು ಗುಜರಾತಿ. ಅದನ್ನು ಅಪ್ಪಯ್ಯನೆದುರು ಹೇಳಬೇಕಾಗಿ ಬಂದದ್ದು ಅಂದೇ ಮೊದಲು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಾತ್ರಿ ಅವಳು ಎರಡನ್ನೂ ಹೋಲಿಸಿ ನೋಡಿದಳು. ಡೊಮೇನ್ ವ್ಯವಸ್ಥೆ ಒಳಗೊಳಗೆ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ನಡೆಯುವುದರಿಂದ ಬೇರೆ ಲಿಪಿಯ ಹೆಸರಿಗೆಲ್ಲ ಒಂದು ಗುಪ್ತ ರೂಪವಿರುತ್ತದೆ. ಗುಜರಾತಿ 'ಭಾರತ'ಕ್ಕೆ ಅದು ಜಿಇಸಿಆರ್‌ಜೆ9ಸಿ, ಕನ್ನಡದ್ದಕ್ಕೆ 2ಎಸ್‌ಸಿಆರ್‌ಜೆ9ಸಿ. ಎರಡರ ಮುಂದೂ ಎಕ್ಸ್‌ಎನ್ ಎಂಬ ಗುರುತು. ಮೊದಲೆರಡು ಚಿಹ್ನೆ ಬಿಟ್ಟರೆ ಬಾಲ ಒಂದೇ! ಕಾರಣವೂ ಸರಳ. ಯೂನಿಕೋಡ್‌ನಲ್ಲಿ ಈ ಎರಡು ಲಿಪಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಕನ್ನಡದ ಭ, ರ, ತ ಅಕ್ಷರಗಳ ಸಂಖ್ಯೆ ಗುಜರಾತಿಯವಕ್ಕಿಂತ ಸರಿಯಾಗಿ 512 ಹೆಚ್ಚು.

ಬೆಳಿಗ್ಗೆ ಅಪ್ಪಯ್ಯನಿಗೆ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಾಲನ್ನೂ ಬೆರಳಿಟ್ಟು ನೋಡಿದರು. ಕೊನೆಗೆ ವ್ಯಾಪಾರಕ್ಕೆ ಡಾಟ್ ಇನ್ ಕೊಂಡರು, ಜೊತೆಗೆ ಕನ್ನಡದ ಡಾಟ್ ಭಾರತವನ್ನೂ. ಎರಡನ್ನೂ ವರ್ಷವರ್ಷ ಹಣ ಕಟ್ಟಿ ನವೀಕರಿಸಬೇಕು. ಕಟ್ಟದಿದ್ದರೆ ಹೆಸರು ಬೇರೆಯವರ ಪಾಲು.

ಕನ್ನಡದ ವಿಳಾಸದಿಂದ ಗಿರಾಕಿಗಳು ಬರುವುದು ಅಪರೂಪ. ಅಪ್ಪಯ್ಯ ಮಾತ್ರ ದಿನಾ ಬೆಳಿಗ್ಗೆ ಗಲ್ಲಾದಲ್ಲಿ ಕೂತು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಅದನ್ನು ತೆರೆದು ನೋಡುತ್ತಾರೆ. ಈಚೆಗೆ ಮಗಳೂ ಅದನ್ನು ತಪ್ಪಿಲ್ಲದೆ ಟೈಪ್ ಮಾಡುವುದು ಕಲಿತಿದ್ದಾಳೆ.