ಹಿಂದಿನ ರಾತ್ರಿಯ ‘ಬೆಸ’

ಅಭ್ಯಾಸ ಪಾಠಕ್ಕೆ ನಾನು ಆರಿಸಿಕೊಂಡದ್ದು ಓಕ್ಯಾಮಲ್ ಭಾಷೆಯಲ್ಲಿ ಒಂದನ್ನೊಂದು ಕರೆಯುವ ಎರಡು ಫಂಕ್ಷನ್‌ಗಳು. ಸಹಪಾಠಿಗಳೇ ವಿದ್ಯಾರ್ಥಿಗಳು, ಹೆಚ್ಚಿನವರಿಗೆ ಪೈಥಾನ್ ಗೊತ್ತಿತ್ತು.

ಪೀಠಿಕೆಗೆ ಇಬ್ಬರನ್ನು ಮುಂದೆ ನಿಲ್ಲಿಸಿದೆ. ಒಬ್ಬರು ‘ಸಮ’, ಇನ್ನೊಬ್ಬರು ‘ಬೆಸ’. ಕೈಗೆ ಬಂದ ಹುಣಸೆಬೀಜಗಳಲ್ಲಿ ಒಂದನ್ನು ಮೇಜಿನ ಮೇಲಿಟ್ಟು ಉಳಿದವನ್ನು ಮತ್ತೊಬ್ಬರಿಗೆ ದಾಟಿಸಬೇಕು. ಬರಿಗೈ ಸರದಿ ‘ಸಮ’ಕ್ಕೆ ಬಂದರೆ ಉತ್ತರ ‘ಹೌದು’, ‘ಬೆಸ’ಕ್ಕೆ ಬಂದರೆ ‘ಅಲ್ಲ’. 5 ಬೀಜಗಳನ್ನು ‘ಸಮ’ದ ಕೈಗೆ ಕೊಟ್ಟೆ, ‘ಅಲ್ಲ’ ಎಂದು ಬಂತು. ಇಲ್ಲಿಯವರೆಗೆ ಎಲ್ಲವೂ ಪಾಠಯೋಜನೆಯಂತೆಯೇ ನಡೆಯಿತು.

ಆಮೇಲೆ ಪರದೆಯ ಮೇಲೆ ‘ಲೆಟ್ ರೆಕ್ ಸಮ’ ಬರೆದು, ಅದಕ್ಕೆ ‘ಆಂಡ್ ಬೆಸ’ ಜೋಡಿಸಿದೆ. ಒಬ್ಬಳು ಕೇಳಿದಳು: “ಮೇಡಂ, ಆ ಆಂಡ್ ಯಾಕೆ? ಬೇರೆ ಬೇರೆ ಲೆಟ್ ರೆಕ್ ಬರೆದರೆ ಆಗಲ್ವಾ? ಪೈಥಾನ್‌ನಲ್ಲಿ ಆಗುತ್ತಲ್ಲ.”

“ಆಗುತ್ತೆ, ಆಂಡ್ ಬರೀ ಓದೋ ಅನುಕೂಲಕ್ಕೆ” ಅಂದುಬಿಟ್ಟೆ. ಹಿಂದಿನ ರಾತ್ರಿ ಮಾಡಿ ನೋಡಿದ್ದೆ, ಸರಿಯಾಗಿ ನಡೆದಿತ್ತು. ಅವಳು ತನ್ನ ಲ್ಯಾಪ್‌ಟಾಪ್‌ನಲ್ಲಿ ಬರೆದಳು. ‘ಅನ್‌ಬೌಂಡ್ ವ್ಯಾಲ್ಯೂ’ ಎಂಬ ದೋಷ: ‘ಬೆಸ’ ಎಂಬ ಹೆಸರೇ ಗೊತ್ತಿಲ್ಲವಂತೆ. ನನ್ನದರಲ್ಲಿ ಅದೇ ಸಾಲುಗಳಿಗೆ ದೋಷವಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಪೆನ್ನು ಕೆಳಗಿಟ್ಟು ನೋಡುತ್ತಿದ್ದರು. ನನಗೆ ಬೆವರು.

ಕಾರಣ ಹೊಳೆಯಲು ಕೆಲವು ನಿಮಿಷ ಬೇಕಾಯಿತು. ನಾನು ಟಾಪ್‌ಲೆವೆಲ್ ಅನ್ನು ರಾತ್ರಿಯಿಂದ ಮುಚ್ಚಿರಲೇ ಇಲ್ಲ. ಆಂಡ್ ಹಾಕಿ ಬರೆದಿದ್ದ ಹಳೆಯ ‘ಬೆಸ’ ಅದರಲ್ಲಿ ಉಳಿದಿತ್ತು. ಹೊಸ ‘ಸಮ’ ಅದನ್ನೇ ಹಿಡಿದುಕೊಂಡಿತ್ತು. ಓಕ್ಯಾಮಲ್‌ನಲ್ಲಿ ಒಂದು ಹೆಸರು ಯಾವುದನ್ನು ಸೂಚಿಸುತ್ತದೆ ಎಂಬುದು ಬರೆದ ಜಾಗದಲ್ಲೇ, ಅದಕ್ಕೂ ಮೇಲೆ ಇರುವುದನ್ನು ನೋಡಿ ತೀರ್ಮಾನವಾಗುತ್ತದೆ. ರೆಕ್ ಹಾಕಿದರೆ ಫಂಕ್ಷನ್‌ಗೆ ತನ್ನ ಹೆಸರು ಕಾಣುತ್ತದೆ, ಅಷ್ಟೇ. ಆಂಡ್ ಜೋಡಿಸಿದಾಗ ಮಾತ್ರ ಇಬ್ಬರಿಗೂ ಇಬ್ಬರ ಹೆಸರೂ ಕಾಣುತ್ತವೆ. ಪೈಥಾನ್ ಹೆಸರನ್ನು ಹುಡುಕುವುದು ಕರೆ ನಡೆಯುವಾಗ. ಅಷ್ಟರಲ್ಲಿ ಎರಡೂ ಸಿದ್ಧವಾಗಿರುತ್ತವೆ. (ಆ ಆಂಡ್ ಅನ್ನು ತರ್ಕದ ‘ಮತ್ತು’ ಎಂದುಕೊಂಡವರೂ ಇದ್ದರು.)

“ನಾನು ಹೇಳಿದ್ದು ತಪ್ಪು” ಎಂದು ಒಪ್ಪಿಕೊಂಡು ಟಾಪ್‌ಲೆವೆಲ್ ಹೊಸದಾಗಿ ತೆರೆದೆ. ಬೇಕೆಂದೇ ಮೊದಲು ಏನು ಕೊಟ್ಟರೂ ‘ಸುಳ್ಳು’ ಎನ್ನುವ ‘ಬೆಸ’ ಬರೆದು, ಕೆಳಗೆ ಸರಿಯಾದ ಎರಡನ್ನೂ ಬಿಡಿಬಿಡಿಯಾಗಿ ಬರೆದೆ. 4 ಸಮವೇ ಎಂದರೆ ‘ಸುಳ್ಳು’ ಎಂದಿತು. ದೋಷದ ಸಂದೇಶವೂ ಇಲ್ಲ! ತರಗತಿ ನಿಜವಾಗಿ ಎಚ್ಚರವಾದದ್ದು ಆಗಲೇ.

ವೀಕ್ಷಣಾ ಹಾಳೆಯಲ್ಲಿ ಸಮಯಪಾಲನೆಗೆ ಅಂಕ ಹೋಯಿತು. ಗಂಟೆ ಬಾರಿಸುವಾಗ ಇನ್ನೊಬ್ಬ ಕೇಳಿದ: “ಮೈನಸ್ 1 ಕೊಟ್ಟರೆ?” ಹುಣಸೆಬೀಜದಲ್ಲಿ ಅದನ್ನು ತೋರಿಸಲಾಗದು. ಮುಂದಿನ ಪಾಠಯೋಜನೆಯ ಮೊದಲ ಪ್ರಶ್ನೆಯಾಗಿ ಬರೆದುಕೊಂಡಿದ್ದೇನೆ.