ತೀರ್ಪುಗಾರನಿಗೂ ಹೊಟ್ಟೆಯುಂಟು

ನಮ್ಮ ಸೀಮೆಯಲ್ಲಿ ಜಾತ್ರೆಯೆಂದರೆ ತೇರಿನೊಡನೆ ಆಟವೂ ಇರಬೇಕು. ಬಾಗಲಕೋಟೆ, ಬಾದಾಮಿಗಳ ಕಡೆಯಾಗಲಿ, ಹುನಗುಂದ, ಇಳಕಲ್ಲುಗಳ ಕಡೆಯಾಗಲಿ, ರಾತ್ರಿ ದೀಪ ಕಟ್ಟಿ ಕಬಡ್ಡಿ ಆಡಿಸುವ ಊರುಗಳು ಹಲವು. ಹುನಗುಂದ ತಾಲೂಕಿನ ನಮ್ಮೂರಿನ ಪಂದ್ಯಾವಳಿಯ ಲೆಕ್ಕವನ್ನು ನಾವು ಕೆಲವು ವರ್ಷ ಬರೆದಿದ್ದೇವೆ. ಆ ಲೆಕ್ಕದ ಪುಸ್ತಕವೇ ಇಂದು ನಮ್ಮನ್ನು ನಾಚಿಸುತ್ತಿದೆ.

ಪೆಂಡಾಲು, ಧ್ವನಿವರ್ಧಕ, ಢಾಲು, ಬಹುಮಾನ, ಎಲ್ಲದರ ಮುಂದೆಯೂ ಮೊತ್ತವಿದೆ. ನಿರ್ಣಾಯಕರ ಸಾಲಿನಲ್ಲಿ ಮಾತ್ರ ‘ಶಾಲು, ತೆಂಗಿನಕಾಯಿ, ಬಸ್ ಚಾರ್ಜು’ ಎಂದಷ್ಟೇ ಇದೆ.

ಇಳಕಲ್ಲಿನಿಂದ ಬರುತ್ತಿದ್ದ ದೈಹಿಕ ಶಿಕ್ಷಕರೊಬ್ಬರು ಸಂಜೆಯಿಂದ ಬೆಳಗಿನ ಜಾವದವರೆಗೆ ಸೀಟಿ ಹಿಡಿದು ನಿಲ್ಲುತ್ತಿದ್ದರು. ನಿಯಮದಂತೆ ಒಂದು ಪಂದ್ಯಕ್ಕೆ ರೆಫರಿ ಒಬ್ಬರು, ಅಂಪೈರರು ಇಬ್ಬರು, ಅಂಕ ಬರೆಯುವವರು ಬೇರೆ. ನಮ್ಮಲ್ಲಿ ಅವರೊಬ್ಬರೇ ಎಲ್ಲವೂ. 30 ಸೆಕೆಂಡಿನ ಒಂದೊಂದು ದಾಳಿಯಲ್ಲಿಯೂ ಗೆರೆ ಮುಟ್ಟಿತೇ, ದಮ್ಮು ಮುರಿಯಿತೇ ಎಂದು ಕಣ್ಣು ಮಿಟುಕಿಸದೆ ನೋಡಬೇಕು. ಸೋತವರ ಬೈಗುಳವೂ ಅವರ ಪಾಲಿಗೇ. ಒಂದು ವರ್ಷ ಕೊನೆಯ ಅಂಕದ ಜಗಳದಲ್ಲಿ ಅವರ ಅಂಗಿ ಹರಿಯಿತು. ನಾವು ಜಗಳ ಬಿಡಿಸಿದೆವು. ಬೆಳಗಾಗುತ್ತಲೇ ಅದೇ ಶಾಲು ಹೊದಿಸಿ ಕಳುಹಿಸಿದೆವು.

ಮರುವರ್ಷ ಕರೆಯಲು ಹೋದಾಗ ಅವರು ನಕ್ಕು, “ಯಜಮಾನ್ರ, ಮನ್ಯಾಗ ಶಾಲ ಎಂಟ ಅದಾವ್ರಿ. ಹರದ ಅಂಗಿ ಮಾತ್ರ ಯಾರೂ ಕೊಡಿಸಲಿಲ್ಲ” ಎಂದರು. ಅವರು ಮತ್ತೆ ಬರಲಿಲ್ಲ. ಆ ವರ್ಷ ಆಟಗಾರನೊಬ್ಬನ ಸೋದರಮಾವನ ಕೈಗೆ ಸೀಟಿ ಕೊಟ್ಟೆವು. ಅಂತಿಮ ಪಂದ್ಯ ಅರ್ಧಕ್ಕೇ ನಿಂತಿತು.

ಇದು ನಮ್ಮೂರೊಂದರ ಮಾತಲ್ಲ. 2006ರಲ್ಲಿ ಅಮೆರಿಕದ ಬೇಸ್‌ಬಾಲಿನ ಕೆಳಹಂತದ ಲೀಗುಗಳ ಅಂಪೈರರು ಸಂಬಳ ಸಾಲದೆಂದು ಮುಷ್ಕರವನ್ನೇ ಹೂಡಿದ್ದರು. ನಮ್ಮ ದೇಶದ ಕ್ರಿಕೆಟ್ ಮಂಡಳಿಯಾದರೋ, 2022ರ ಹೊತ್ತಿಗೆ ದೇಶೀಯ ಪಂದ್ಯಗಳಲ್ಲಿ ಮೇಲಿನ ಶ್ರೇಣಿಯ ಅಂಪೈರರಿಗೆ ದಿನಕ್ಕೆ 40,000 ರೂಪಾಯಿ ಕೊಡುತ್ತಿತ್ತು. ಅಲ್ಲಿ ಅದೊಂದು ವೃತ್ತಿ. ಹಳ್ಳಿಯ ಅಂಗಳದಲ್ಲಿ ಇನ್ನೂ ಉಪಕಾರ.

‘ಅವರದು ಸೇವೆಯಲ್ಲವೇ’ ಎಂದು ನಾವು ಅಂದು ಸಮಾಧಾನ ಹೇಳಿಕೊಂಡೆವು. ಕಾಯಕದ ನೆಲದಲ್ಲಿ ಹುಟ್ಟಿಯೂ, ದುಡಿದವನಿಗೆ ದುಡಿಮೆಯ ಫಲ ಸಲ್ಲಬೇಕೆಂಬುದನ್ನು ಮರೆತೆವು. ಪರರ ದುಡಿಮೆಯನ್ನು ಪುಕ್ಕಟೆ ಪಡೆದು ನಡೆಸಿದ ಆಟ ನಮ್ಮ ದಾಸೋಹವಾಗುವುದೆಂತು?

ಜಾತ್ರಾ ಸಮಿತಿಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಲೆಕ್ಕದ ಮೊದಲ ಸಾಲಿನಲ್ಲಿ, ಢಾಲಿಗಿಂತಲೂ ಮುಂಚೆ, ನಿರ್ಣಾಯಕರ ಸಂಭಾವನೆಯನ್ನು ಬರೆಯಿರಿ. ಪಂದ್ಯ ಮುಗಿದ ಮೇಲೆ ಇಬ್ಬರು ಹಿರಿಯರು ಜೊತೆಗೆ ಹೋಗಿ ಅವರನ್ನು ಬಸ್ಸು ಹತ್ತಿಸಿ ಬನ್ನಿ. ಶಾಲು ಆಮೇಲೆ ಹೊದಿಸಬಹುದು.